ಹೈದರ್ ನಾಯಕನನ್ನು ಮೊದಲು ಗುರುತಿಸಿದ್ದು ಯಾರು?

ನಮ್ಮ ಎನ್‌ಸಿಸಿ ಉಸ್ತಾದ್ ಸೈನ್ಯದಲ್ಲಿ ಹವಾಲ್ದಾರ್. ತೋಳಿನ ಮೇಲೆ ಮೂರು ಪಟ್ಟಿ. ಫಸ್ಟ್ ಇಯರ್‌ನಲ್ಲಿ ಸೇರಿದಾಗ ನನಗೆ ಈ ಪಟ್ಟಿಗಳ ಲೆಕ್ಕ ಒಂದೂ ಗೊತ್ತಿರಲಿಲ್ಲ. ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ಪಟ್ಟಿ ನಾಯಕ್, ಮೂರು ಹವಾಲ್ದಾರ್. ಅಲ್ಲಿಂದ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಇವರು ಅಕಾಡೆಮಿಯಿಂದ ನೇರವಾಗಿ ಆಫೀಸರ್ ಆಗಿ ಬಂದವರಲ್ಲ. ಸಿಪಾಯಿಗಳಾಗಿ ಸೇರಿ, ವರ್ಷಾನುಗಟ್ಟಲೆ ದುಡಿದು, ಒಂದೊಂದೇ ಮೆಟ್ಟಿಲು ಹತ್ತಿದವರು. ಜನವರಿ 26 ಮತ್ತು ಆಗಸ್ಟ್ 15ಕ್ಕೆ ಇಂಥವರಲ್ಲಿ ಕೆಲವರಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿ ಕೊಡುತ್ತಾರೆ. ಪೇಪರ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತೆ, ನಾವು ಯಾರೂ ಓದಲ್ಲ.

ಮೊದಲ ತಿಂಗಳ ಡ್ರಿಲ್‌ನಲ್ಲಿ ನಾನು ಕೊನೇ ಸಾಲಿನಲ್ಲಿ ಅಡಗಿಕೊಂಡು ನಿಲ್ತಿದ್ದೆ. ಉಸ್ತಾದ್ ಒಂದು ಭಾನುವಾರ ನನ್ನನ್ನು ಕೈ ಹಿಡಿದು ಎಳೆದು ತಂದು ಮುಂದಿನ ಸಾಲಿನ ಬಲತುದಿಯಲ್ಲಿ ನಿಲ್ಲಿಸಿದರು. ಅಲ್ಲಿ ನಿಂತವನು ತಪ್ಪಿದರೆ ಇಡೀ ಸಾಲು ತಪ್ಪುತ್ತೆ. ನಾನು ತಪ್ಪಿದೆ, ನಾಲ್ಕು ಸಲ. ಅವರು ಜಾಗ ಬದಲಾಯಿಸಲಿಲ್ಲ. ಯಾಕೆ ನನ್ನನ್ನೇ ಆರಿಸಿದರು ಅಂತ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ನಾಯಕ್ ಅನ್ನೋ ಪದದ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಹೈದರ್ ಅಲಿ. ನವಾಬ ಅಂತ ಕರೆಸಿಕೊಳ್ಳೋಕೆ ಮುಂಚೆ ಅವನು ಮೈಸೂರಿನಲ್ಲಿ ಬರೀ ಹೈದರ್ ನಾಯಕ. ಚಿತ್ರದುರ್ಗದ ನಾಯಕರ ಹಾಗೆ ಪಾಳೆಗಾರ ಅಲ್ಲ, ಒಂದಿಷ್ಟು ಕಾಲಾಳುಗಳ ಮುಖಂಡ ಅನ್ನೋ ಅರ್ಥದ ನಾಯಕ. ನಾವು ಶಾಲೆಯಲ್ಲಿ ಓದಿದ್ದು ಯುದ್ಧಗಳ ಪಟ್ಟಿ, ಇಸವಿ, ಒಪ್ಪಂದ. ಈ ಮನುಷ್ಯನನ್ನು ಯಾರು ನೋಡಿ ಮೇಲೆತ್ತಿದರು, ಅವನು ಯಾರನ್ನು ಮೇಲೆತ್ತಿದ, ಆಮೇಲೆ ಅವರಿಗೆಲ್ಲ ಏನಾಯ್ತು ಅನ್ನೋದನ್ನ ಯಾರೂ ಹೇಳಿರಲಿಲ್ಲ.

ಹೈದರ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಕೋಲಾರದ ಹತ್ತಿರದ ಬೂದಿಕೋಟೆಯಲ್ಲಿ. ಅಪ್ಪ ಫತೇ ಮಹಮ್ಮದ್ ಸಿರಾದ ನವಾಬನ ಕೈಕೆಳಗಿನ ಸೇನಾಧಿಕಾರಿ. ಹೈದರ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಅಪ್ಪ ಯುದ್ಧದಲ್ಲಿ ಸತ್ತ. ಮನೆಗೆ ಬಂದಿದ್ದು ಪಿಂಚಣಿಯಲ್ಲ, ಸಾಲದ ವಸೂಲಿ. ದೊಡ್ಡಬಳ್ಳಾಪುರದಲ್ಲಿ ಹೈದರ್ ಮತ್ತು ಅವನ ಅಣ್ಣ ಶಹಬಾಜ್‌ನನ್ನು ನಗಾರಿಯೊಳಗೆ ಕೂರಿಸಿ, ಮೇಲಿಂದ ಬಡಿದು ಹಿಂಸೆ ಕೊಟ್ಟು ದುಡ್ಡು ಕಿತ್ತುಕೊಂಡರು ಅಂತ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಈ ವಿಲ್ಕ್ಸ್ ಟಿಪ್ಪು ಸತ್ತಮೇಲೆ ಮೈಸೂರಿನಲ್ಲಿದ್ದ ಬ್ರಿಟಿಷ್ ಅಧಿಕಾರಿ. ಹೈದರನ ಬಗ್ಗೆ ನಮಗೆ ಗೊತ್ತಿರೋ ಕಥೆಗಳಲ್ಲಿ ಎಷ್ಟೋ ಅವನ ಪುಸ್ತಕದಿಂದ ಬಂದವು. ಶತ್ರು ಪಕ್ಷದವನು ಬರೆದಿದ್ದು ಅನ್ನೋದನ್ನ ನೆನಪಲ್ಲಿ ಇಟ್ಕೊಂಡೇ ಓದಬೇಕು.

ಆ ಹುಡುಗರ ಕೈ ಹಿಡಿದ ಮೊದಲನೆಯವನು ಅವರ ಸಂಬಂಧಿ, ಇನ್ನೊಬ್ಬ ಹೈದರ್. ಅವನು ಆಗಲೇ ಮೈಸೂರು ಸೈನ್ಯದಲ್ಲಿದ್ದ. ಅವನ ಪ್ರಯತ್ನದಿಂದ ಈ ಕುಟುಂಬ ಶ್ರೀರಂಗಪಟ್ಟಣಕ್ಕೆ ಬಂತು. ಶಹಬಾಜ್ ಸೈನ್ಯ ಸೇರಿ ಬೇಗ ಮೇಲೆ ಬಂದ. ತಮ್ಮ ಹೈದರ್ ಮಾತ್ರ ಓದಲಿಲ್ಲ, ಬರೆಯೋದು ಕಲಿಯಲಿಲ್ಲ, ಒಂದು ಕಡೆ ನೆಲೆ ನಿಲ್ಲಲಿಲ್ಲ. ಬೇಟೆ, ಸುತ್ತಾಟ. ಇಪ್ಪತ್ತೈದು ದಾಟಿದರೂ ಹೇಳಿಕೊಳ್ಳೋಂಥ ಹುದ್ದೆ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ಲೇಸ್‌ಮೆಂಟ್ ಆಗಿರಲಿಲ್ಲ.

1749ರಲ್ಲಿ ಮೈಸೂರು ಸೈನ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿತು. ಈಗ ಏರ್‌ಪೋರ್ಟ್‌ಗೆ ಹೋಗೋವಾಗ ನೆನಪಾಗೋ ಅದೇ ದೇವನಹಳ್ಳಿ. ಮುತ್ತಿಗೆ ತಿಂಗಳುಗಟ್ಟಲೆ ನಡೀತು. ಹೈದರ್ ಅಣ್ಣನ ತುಕಡಿಯ ಜೊತೆ ತಾನಾಗೇ ಬಂದಿದ್ದ ಕುದುರೆ ಸವಾರ, ಅಷ್ಟೇ. ಆದರೆ ಅಪಾಯದ ಜಾಗದಲ್ಲೆಲ್ಲ ಅವನೇ ಮುಂದೆ. ಗಾಬರಿಯಾಗದ ಆ ಸವಾರ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದ. ಆಗ ಮೈಸೂರಿನಲ್ಲಿ ರಾಜರು ಹೆಸರಿಗೆ ಮಾತ್ರ, ಆಳ್ತಾ ಇದ್ದವರು ಕಳಲೆ ಮನೆತನದ ದೇವರಾಜಯ್ಯ, ನಂಜರಾಜಯ್ಯ ಅನ್ನೋ ಅಣ್ಣತಮ್ಮಂದಿರು. ನಂಜರಾಜಯ್ಯ ಹೈದರನಿಗೆ ಭೇಷ್ ಅಂತ ಹೇಳಿ ಕಳಿಸಲಿಲ್ಲ. 50 ಕುದುರೆ, 200 ಕಾಲಾಳು, ಕೋಟೆಯ ಒಂದು ಬಾಗಿಲಿನ ಜವಾಬ್ದಾರಿ ಕೊಟ್ಟ. ಇನ್ನಷ್ಟು ಜನರನ್ನು ಸೇರಿಸಿಕೊಳ್ಳೋಕೂ ಅಪ್ಪಣೆ ಕೊಟ್ಟ. ಮೆಚ್ಚುಗೆ ಬೇರೆ, ಕೆಲಸ ಒಪ್ಪಿಸೋದು ಬೇರೆ. ನಂಜರಾಜಯ್ಯ ಎರಡನೆಯದನ್ನು ಮಾಡಿದ. ಮರುವರ್ಷ, 1750ರ ನವೆಂಬರ್‌ನಲ್ಲಿ, ಅದೇ ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ.

1752ರಿಂದ ಮೂರು ವರ್ಷ ಮೈಸೂರು ಸೈನ್ಯ ತಿರುಚಿನಾಪಳ್ಳಿಯಲ್ಲಿ ಬೀಡು ಬಿಟ್ಟಿತ್ತು. ಆ ಯುದ್ಧದಿಂದ ಮೈಸೂರಿಗೆ ಸಿಕ್ಕಿದ್ದು ಏನೂ ಇಲ್ಲ, ಖಜಾನೆ ಖಾಲಿ. ಆದರೆ ಹೈದರನಿಗೆ ಅದೇ ಕಾಲೇಜು. ಇಂಗ್ಲಿಷರ ಮತ್ತು ಫ್ರೆಂಚರ ತುಕಡಿಗಳು ಸಾಲಾಗಿ ನಿಂತು ಒಂದೇ ಏಟಿಗೆ ಗುಂಡು ಹಾರಿಸೋದು, ಸಣ್ಣ ಪಡೆ ದೊಡ್ಡ ಗುಂಪನ್ನು ತಡೆದು ನಿಲ್ಲಿಸೋದು, ಇದನ್ನೆಲ್ಲ ಹತ್ತಿರದಿಂದ ನೋಡಿದ. 1755ರಲ್ಲಿ ಅವನನ್ನು ದಿಂಡಿಗಲ್‌ಗೆ ಫೌಜುದಾರನಾಗಿ ಕಳಿಸಿದರು. ಅಲ್ಲಿ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಫಿರಂಗಿ, ಮದ್ದುಗುಂಡಿನ ಕಾರ್ಖಾನೆ ಶುರು ಮಾಡಿದ. ಓದು ಬರಹ ಬರದ ಮನುಷ್ಯ ಹಾಕಿದ ವರ್ಕ್‌ಶಾಪ್ ಅದು.

ಓದು ಬರಲ್ಲ ಅಂದರೆ ಲೆಕ್ಕ ಬರಲ್ಲ ಅಂತ ಅಲ್ಲ. ಅವನ ನೆನಪಿನ ಶಕ್ತಿ ನೋಡಿ ಜನ ಬೆರಗಾಗ್ತಿದ್ದರು. ಕನ್ನಡ, ಹಿಂದೂಸ್ತಾನಿ, ತೆಲುಗು, ತಮಿಳು, ಮರಾಠಿ ಐದೂ ಮಾತಾಡ್ತಿದ್ದ. ಸಹಿ ಹಾಕಬೇಕಾದಾಗ ತನ್ನ ಹೆಸರಿನ ಮೊದಲ ಅಕ್ಷರ ಮಾತ್ರ, ಅದನ್ನೂ ತಲೆಕೆಳಗಾಗಿ ಬರೀತಿದ್ದ ಅಂತ ವಿಲ್ಕ್ಸ್ ಹೇಳ್ತಾನೆ. ಬರವಣಿಗೆಗೆ ಅಂತ ಅವನು ಆರಿಸಿಕೊಂಡಿದ್ದು ಖಂಡೇರಾಯ ಅನ್ನೋ ಬ್ರಾಹ್ಮಣ ಗುಮಾಸ್ತನನ್ನು. ಇವನು ಹೈದರ್ ತಾನಾಗೇ ಗುರುತಿಸಿ ಬೆಳೆಸಿದ ಮೊದಲ ಮನುಷ್ಯ ಅನ್ನಬಹುದು. ಲೂಟಿಯಲ್ಲಿ ಎಷ್ಟು ಪಾಲು ಸೈನಿಕನಿಗೆ, ಎಷ್ಟು ಹೈದರನಿಗೆ ಅನ್ನೋದರಿಂದ ಹಿಡಿದು ಸಂಬಳದ ಪಟ್ಟಿಯವರೆಗೂ ಖಂಡೇರಾಯನ ಲೆಕ್ಕ.

ಆ ಕಾಲದ ಒಂದು ಕಥೆ. ಗಾಯಾಳು ಸೈನಿಕರಿಗೆ ವಾಸಿಯಾಗೋ ತನಕ ಸರ್ಕಾರದಿಂದ ತಿಂಗಳ ಭತ್ಯೆ ಬರ್ತಿತ್ತು. ಒಂದು ಕಾಳಗದಲ್ಲಿ ನಿಜವಾಗಿ ಗಾಯವಾದವರು ಅರವತ್ತು ಚಿಲ್ಲರೆ. ತಪಾಸಣೆಗೆ ಬಂದವನ ಮುಂದೆ ಹೈದರ್ ನೂರಾರು ಗಟ್ಟಿಮುಟ್ಟಾದವರಿಗೆ ಅರಿಶಿನದ ಬಟ್ಟೆ ಸುತ್ತಿ ಮಲಗಿಸಿದ. ದುಡ್ಡು ಎಲ್ಲರ ಹೆಸರಿಗೂ ಬಂತು. ನಿಜವಾಗಿ ಗಾಯವಾದವರಿಗೆ ಕೊಟ್ಟಿದ್ದು ಅದರಲ್ಲಿ ಅರ್ಧ, ಮಿಕ್ಕಿದ್ದು ಅವನ ಜೇಬಿಗೆ. ಇದನ್ನು ಓದಿ ನನಗೆ ನಗುನೂ ಬಂತು, ಬೇಜಾರೂ ಆಯ್ತು. ಹೈದರನನ್ನು ಹೀರೋ ಮಾಡೋಣ ಅಂತ ಹೊರಟವರಿಗೆ ಇಂಥ ಜಾಗದಲ್ಲಿ ಕಾಲು ಜಾರುತ್ತೆ.

1758ರಲ್ಲಿ ಶ್ರೀರಂಗಪಟ್ಟಣದ ಸೈನಿಕರು ಸಂಬಳ ಬಾಕಿ ಅಂತ ದೊರೆಗಳ ಬಾಗಿಲಲ್ಲಿ ಧರಣಿ ಕೂತರು. ಮಧ್ಯಸ್ತಿಕೆಗೆ ಬಂದವನು ಹೈದರ್. ಸರ್ಕಾರದ ಸೊತ್ತು ಹಂಚಿ ಬಾಕಿ ತೀರಿಸಿದ. ಸಿಪಾಯಿ ಯಾವ ಮಾತಿಗೆ ಒಪ್ತಾನೆ, ಯಾವಾಗ ಕೆರಳ್ತಾನೆ ಅನ್ನೋದು ಅರಮನೆಯವರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ವರ್ಷ ಬೆಂಗಳೂರು ಅವನಿಗೆ ಜಹಗೀರಾಗಿ ಬಂತು. ಮುಂದಿನ ವರ್ಷ ಮರಾಠರನ್ನು ಹಿಮ್ಮೆಟ್ಟಿಸಿದ್ದಕ್ಕೆ ಮಹಾರಾಜ ಎರಡನೇ ಕೃಷ್ಣರಾಜ ಒಡೆಯರ್ ಅವನಿಗೆ ಫತೇ ಹೈದರ್ ಬಹಾದ್ದೂರ್ ಅನ್ನೋ ಬಿರುದು ಕೊಟ್ಟರು.

ಇಲ್ಲಿಂದ ಕಥೆ ಕಪ್ಪಾಗುತ್ತೆ. 1759ರಲ್ಲಿ ಮತ್ತೆ ಸಂಬಳ ಬಾಕಿ, ಮತ್ತೆ ಧರಣಿ. ಈ ಸಲ ಸೈನಿಕರು ಕೂತಿದ್ದು ನಂಜರಾಜಯ್ಯನ ಬಾಗಿಲಲ್ಲಿ, ಕೂರಿಸಿದ್ದು ಹೈದರ್. ಸಿಪಾಯಿಗಳ ಸಂಕಟ ಬಲ್ಲವನು ಅದನ್ನೇ ಆಯುಧ ಮಾಡಿಕೊಂಡ. ನಂಜರಾಜಯ್ಯ ಅಧಿಕಾರ ಬಿಟ್ಟು ಹೊರಟ. ಹತ್ತು ವರ್ಷದ ಹಿಂದೆ ದೇವನಹಳ್ಳಿಯಲ್ಲಿ ತನ್ನನ್ನು ಗುರುತಿಸಿದವನನ್ನೇ ಹೈದರ್ ಮನೆಗೆ ಕಳಿಸಿದ.

ಆದರೆ ಹೈದರನಿಂದ ಪಾಠ ಕಲಿತವನು ಇನ್ನೊಬ್ಬ ಇದ್ದ. 1760ರ ಆಗಸ್ಟ್‌ನಲ್ಲಿ ಖಂಡೇರಾಯ ಅರಮನೆಯ ಪಕ್ಷ ಸೇರಿ, ಮರಾಠರ ಬೆಂಬಲ ತಗೊಂಡು ಹೈದರನ ಮೇಲೆ ತಿರುಗಿಬಿದ್ದ. ಹೈದರನ ಸೈನ್ಯದ ದೊಡ್ಡ ಭಾಗ ದೂರದಲ್ಲಿತ್ತು. ಕೋಟೆಯಿಂದ ಗುಂಡು ಬೀಳೋಕೆ ಶುರುವಾದಾಗ, ಗುಂಡು ಹಾರಿಸಲು ಹೇಳ್ತಾ ಇರೋದು ತನ್ನ ಗುಮಾಸ್ತ ಅಂತ ಅವನಿಗೆ ನಂಬೋಕೇ ಆಗಲಿಲ್ಲವಂತೆ. ಹೆಂಡತಿಯನ್ನೂ ಒಂಬತ್ತು ವರ್ಷದ ಟಿಪ್ಪುವನ್ನೂ ಅಲ್ಲೇ ಬಿಟ್ಟು, ಕೆಲವೇ ಜನರ ಜೊತೆ ರಾತ್ರೋರಾತ್ರಿ ಕಾವೇರಿ ದಾಟಿ ಆನೇಕಲ್ ಕಡೆ ಓಡಿದ. ಆನೇಕಲ್‌ನಲ್ಲಿ ಅವನ ಭಾವಮೈದುನ ಇಸ್ಮಾಯಿಲ್ ಅಲಿ ಇದ್ದ. ಮುಂದೆ ಉಳಿದಿದ್ದು ಒಂದೇ ಜಾಗ, ಬೆಂಗಳೂರು.

ಇಡೀ ಜೀವನ ಈಗ ಒಬ್ಬ ಕಿಲ್ಲೇದಾರನ ಮೇಲೆ ನಿಂತಿತ್ತು. ಬೆಂಗಳೂರು ಕೋಟೆಯ ಕಿಲ್ಲೇದಾರ ಕಬೀರ್ ಬೇಗ್. ಕೋಟೆ ವಶಪಡಿಸಿಕೊಳ್ಳೋಕೆ ಖಂಡೇರಾಯನ ಆಜ್ಞೆ ಬೆಂಗಳೂರಿಗೆ ಹೊರಟಾಗಿತ್ತು. ಆಜ್ಞೆ ಬಂದಿದ್ದು ರಾಜಧಾನಿಯಿಂದ, ರಾಜರ ಹೆಸರಿನಲ್ಲಿ. ಓಡಿಬರ್ತಾ ಇರೋ ಹೈದರನ ಹತ್ರ ಸೈನ್ಯ ಇಲ್ಲ, ಖಜಾನೆ ಇಲ್ಲ, ಕೊಡೋಕೆ ಏನೂ ಇಲ್ಲ. ಲೆಕ್ಕ ಹಾಕಿ ನೋಡೋ ಯಾರಾದರೂ ಬಾಗಿಲು ಹಾಕ್ತಿದ್ದರು. ಕಬೀರ್ ಬೇಗ್ ಬಾಗಿಲು ತೆರೆದ. ಪೇಟೆಯ ಸಾಹುಕಾರರು ಬರೀ ಮಾತಿನ ಮೇಲೆ ಸಾಲ ಕೊಟ್ಟರು. ಬೆಂಗಳೂರಿನಲ್ಲಿ ಆ ದಿನ ಈ ಎರಡು ನಡೆಯದೇ ಇದ್ದಿದ್ದರೆ, ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ನಾಲ್ಕು ಆಂಗ್ಲೋ ಮೈಸೂರು ಯುದ್ಧಗಳೂ ಇರ್ತಿರಲಿಲ್ಲ, ಟಿಪ್ಪು ಸುಲ್ತಾನನೂ ಇರ್ತಿರಲಿಲ್ಲ.

ನಂಜನಗೂಡಿನ ಹತ್ರ ಹೈದರ್ ಇನ್ನೊಮ್ಮೆ ಸೋತ. ಆಗ ಅವನು ಹೋಗಿ ಕಾಲಿಗೆ ಬಿದ್ದಿದ್ದು ಯಾರ ಹತ್ರ ಗೊತ್ತಾ? ಅದೇ ನಂಜರಾಜಯ್ಯನ ಹತ್ರ. ತಾನೇ ಹೊರಗೆ ಹಾಕಿದ್ದ ಹಿರಿಯ. ಬಾಗಿಲಿಂದಲೇ ಓಡಿಸಬಹುದಿತ್ತು. ನಂಜರಾಜಯ್ಯ ಕ್ಷಮಿಸಿ ತನ್ನ ಹೆಸರನ್ನು ಬಳಸಿಕೊಳ್ಳೋಕೆ ಬಿಟ್ಟ. ಖಂಡೇರಾಯನ ಸರದಾರರಿಗೆ ನಂಜರಾಜಯ್ಯನ ಹೆಸರಿನಲ್ಲಿ ಸುಳ್ಳು ಪತ್ರಗಳನ್ನು ಬರೆಸಿ, ಅವು ಖಂಡೇರಾಯನ ಕೈಗೇ ಸಿಗೋ ಹಾಗೆ ಹೈದರ್ ಮಾಡಿದ. ತನ್ನವರೇ ತನಗೆ ದ್ರೋಹ ಮಾಡ್ತಿದ್ದಾರೆ ಅಂತ ಹೆದರಿದ ಖಂಡೇರಾಯ ಸೈನ್ಯ ಬಿಟ್ಟು ಓಡಿದ.

1761ರಲ್ಲಿ ಖಂಡೇರಾಯನನ್ನು ಹೈದರನ ಕೈಗೆ ಒಪ್ಪಿಸಬೇಕಾಯ್ತು. ಜೀವ ತೆಗೆಯಬೇಡ ಅಂತ ಅರಮನೆಯ ಹೆಂಗಸರು ಬೇಡಿಕೊಂಡಾಗ, ಗಿಣಿಯ ಹಾಗೆ ಸಾಕ್ತೀನಿ ಅಂತ ಹೈದರ್ ಮಾತು ಕೊಟ್ಟನಂತೆ. ಆಮೇಲೆ ಕಬ್ಬಿಣದ ಪಂಜರದಲ್ಲಿಟ್ಟು ಸಾಯೋ ತನಕ ಹಾಲು ಅನ್ನ ಹಾಕಿಸಿದ. ಆ ಪಂಜರ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ. ನಂಜರಾಜಯ್ಯನಿಗೂ ಕೊನೆಗೆ ಸಿಕ್ಕಿದ್ದು ಸೆರೆವಾಸ. ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ಸಿಪಾಯಿಯೊಬ್ಬ ರಾಜ್ಯ ಕಟ್ಟಿದ ಅಂತ ಖುಷಿಯಿಂದ ಬರೆಯೋಣ ಅಂದುಕೊಂಡಿದ್ದೆ. ಗುರುತಿಸಿದ ಗುರುವೂ ಸೆರೆಯಲ್ಲಿ, ಬೆಳೆಸಿದ ಶಿಷ್ಯನೂ ಪಂಜರದಲ್ಲಿ.

1761ರಿಂದ ಹೈದರನೇ ಮೈಸೂರಿನ ಯಜಮಾನ. ಸಿಂಹಾಸನದ ಮೇಲೆ ಒಡೆಯರು ಇದ್ದರು, ಆಳಿದ್ದು ಅವನು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದ ಮಣ್ಣಿನ ಕೋಟೆಯನ್ನು ಅದೇ ವರ್ಷ ಕಲ್ಲಿನಲ್ಲಿ ಕಟ್ಟಿಸೋಕೆ ಶುರು ಮಾಡಿದ. ತನ್ನ ಜೀವ ಉಳಿಸಿದ ಗೋಡೆ ಅಲ್ವಾ. ಲಾಲ್‌ಬಾಗ್ ಶುರುವಾಗಿದ್ದೂ ಅವನ ಕಾಲದಲ್ಲೇ. 1763ರಲ್ಲಿ ಬಿದನೂರು ಗೆದ್ದ. 1769ರಲ್ಲಿ ಕುದುರೆ ಪಡೆ ಕಟ್ಟಿಕೊಂಡು ಮದ್ರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರಿಂದ ಒಪ್ಪಂದಕ್ಕೆ ಸಹಿ ಹಾಕಿಸಿದ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಹೈದರ್, ಟಿಪ್ಪು ಸೇರಿ ನೆಲಕಚ್ಚಿಸಿದರು. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್‌ಗಳ ಬಗ್ಗೆ ನಮ್ಮ ಮೆಕ್ಯಾನಿಕಲ್ ಹುಡುಗರು ಫೆಸ್ಟ್‌ನಲ್ಲಿ ಪೋಸ್ಟರ್ ಮಾಡ್ತಾರಲ್ಲ, ಅದು ಈ ಕಾಲದ್ದು.

ಅವನು ಜನರನ್ನು ಆರಿಸೋವಾಗ ಜಾತಿ, ಮತ, ಓದು ನೋಡ್ತಿರಲಿಲ್ಲ, ಕೆಲಸ ನೋಡ್ತಿದ್ದ. ಬೇಡರ ಪಡೆಯವರು, ಬ್ರಾಹ್ಮಣ ಲೆಕ್ಕಿಗರು, ಫ್ರೆಂಚ್ ಫಿರಂಗಿಯವರು ಎಲ್ಲರೂ ಅವನ ಹತ್ರ ಇದ್ದರು. ಆದರೆ ಖಂಡೇರಾಯನ ನಂತರ ಯಾರನ್ನೂ ಪೂರ್ತಿ ನಂಬಿದ ಹಾಗೆ ಕಾಣಲ್ಲ. 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಶ್ವಾರ್ಟ್ಸ್ ಅನ್ನೋ ಪಾದ್ರಿ, ಅಲ್ಲಿ ಚಾವಟಿ ಹಿಡಿದ ಇನ್ನೂರು ಜನ ಸದಾ ಸಿದ್ಧವಾಗಿ ಇರ್ತಿದ್ದರು ಅಂತ ಬರೆದಿದ್ದಾನೆ. ದೊಡ್ಡ ಅಧಿಕಾರಿಗೂ ಏಟು ತಪ್ಪುತ್ತಿರಲಿಲ್ಲ. ಏಟು ತಿಂದವನೇ ಮತ್ತೆ ಅದೇ ಹುದ್ದೆಗೆ ಹೋಗಬೇಕು. ಗುರುತಿಸೋ ಕಣ್ಣು ಇತ್ತು, ಜೊತೆಗೆ ಚಾವಟಿನೂ ಇತ್ತು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಬೀಡಿನಲ್ಲಿ, ಬೆನ್ನಿನ ಹುಣ್ಣಿನಿಂದ ಹೈದರ್ ಸತ್ತ. ಇಂಗ್ಲಿಷರ ಜೊತೆ ಯುದ್ಧ ನಡೀತಾ ಇತ್ತು. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಗೆ ಬಿದ್ದರೆ ಸೈನ್ಯ ಒಡೆದು ಚೂರಾಗ್ತಿತ್ತು. ಆಗ ಹೈದರ್ ಬೆಳೆಸಿದ್ದ ಇಬ್ಬರು ಲೆಕ್ಕದ ಅಧಿಕಾರಿಗಳು, ಕೃಷ್ಣರಾಯ ಮತ್ತು ಪೂರ್ಣಯ್ಯ, ಉಳಿದ ಸರದಾರರ ಜೊತೆ ಸೇರಿ ಸಾವನ್ನು ಗುಟ್ಟಾಗಿಟ್ಟರು. ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸೋ ಹಾಗೆ ಕೋಲಾರಕ್ಕೆ ಕಳಿಸಿದರು. ಟಿಪ್ಪು ಬಂದು ತಲುಪೋ ತನಕ ಎಂದಿನಂತೆ ಆಜ್ಞೆಗಳು ಹೊರಡ್ತಾ ಇದ್ದವು. ಹೈದರನ ಸಮಾಧಿ ಈಗ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿದೆ.

ಈ ಪೂರ್ಣಯ್ಯ ಕಿರಾಣಿ ಅಂಗಡಿಯ ಲೆಕ್ಕ ಬರೆಯೋದರಿಂದ ಶುರು ಮಾಡಿದವನು ಅಂತಾರೆ. ಅವನೂ ಖಂಡೇರಾಯನ ಹಾಗೇ ಗುಮಾಸ್ತ, ಅವನ ಕೈಯಲ್ಲೂ ಅದೇ ಬೀಗದ ಕೈ, ಅವನಿಗೂ ಅಂಥದ್ದೇ ಅವಕಾಶ ಬಂದಿತ್ತು. ಅವನು ರಾಜ್ಯವನ್ನು ಜೋಪಾನವಾಗಿ ಟಿಪ್ಪುವಿಗೆ ಒಪ್ಪಿಸಿದ. ಟಿಪ್ಪುವಿನ ನಂತರ 1811ರವರೆಗೆ ಮೈಸೂರಿನ ದಿವಾನನಾಗಿದ್ದವನೂ ಅವನೇ. ಒಬ್ಬನೇ ಯಜಮಾನ ಆರಿಸಿದ ಇಬ್ಬರಲ್ಲಿ ಒಬ್ಬ ಹಾಗೆ, ಒಬ್ಬ ಹೀಗೆ ಯಾಕಾದರು ಅನ್ನೋದಕ್ಕೆ ನನ್ನ ಹತ್ರ ಫಾರ್ಮುಲಾ ಇಲ್ಲ. ಆದರೆ ಹೈದರನ ಬದುಕು ಎರಡು ಸಲ ಕುಸಿಯೋ ಹಾಗಿದ್ದಾಗ ಅದನ್ನು ಹಿಡಿದು ನಿಲ್ಲಿಸಿದ್ದು ಫಿರಂಗಿಯಲ್ಲ, ಚಾವಟಿಯಲ್ಲ. 1760ರಲ್ಲಿ ಒಬ್ಬ ಕಿಲ್ಲೇದಾರ ಮತ್ತು ಒಬ್ಬ ಹಳೇ ಗುರು, 1782ರಲ್ಲಿ ಗುಟ್ಟು ಕಾಯ್ದ ಕೆಲವು ಕೈಕೆಳಗಿನವರು. ಅವರು ಯಾರೂ ಹಾಗೆ ಮಾಡಲೇಬೇಕು ಅಂತ ಇರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ನಾನು ಕೋಟೆ ನೋಡೋಕೆ ಹೋಗಿದ್ದೆ. ಚಾಮರಾಜಪೇಟೆ ಕಡೆಯಿಂದ ನಡೆದು ಬಂದರೆ ಹತ್ತು ಹದಿನೈದು ನಿಮಿಷ, ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್‌ಗೆ ಹತ್ತಿರ. ಇಡೀ ಕೋಟೆಯಲ್ಲಿ ಉಳಿದಿರೋದು ದೆಹಲಿ ಬಾಗಿಲು ಮತ್ತು ಅದರ ಸುತ್ತ ಸ್ವಲ್ಪ ಗೋಡೆ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ನುಗ್ಗಿದ್ದಕ್ಕೆ ಅಲ್ಲಿ ಒಂದು ಫಲಕ ಇದೆ. ಸ್ವಲ್ಪ ಮುಂದೆ ಹೋದರೆ ಹೈದರ್ 1781ರಲ್ಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ಮರದ ಅರಮನೆ. ನುಗ್ಗಿದವರಿಗೆ ಫಲಕ ಇದೆ, ಕಟ್ಟಿಸಿದವರಿಗೂ ಫಲಕ ಇದೆ. ಬಾಗಿಲು ತೆರೆದ ಕಬೀರ್ ಬೇಗ್‌ನ ಹೆಸರು ನನಗೆ ಎಲ್ಲೂ ಕಾಣಲಿಲ್ಲ.

ಮುಂದಿನ ಪೆರೇಡ್ ದಿನ ಟೀ ಬ್ರೇಕ್‌ನಲ್ಲಿ ಈ ಕಥೆಯನ್ನು ಉಸ್ತಾದ್‌ಗೆ ಹೇಳಿದೆ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ. ಅವರು ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಫೋನ್ ತೆಗೆದು ಒಂದು ಹಳೇ ಫೋಟೋ ತೋರಿಸಿದರು. ಹೊಸದಾಗಿ ಸೇರಿದ ತೆಳ್ಳಗಿನ ಹುಡುಗ, ಪಕ್ಕದಲ್ಲಿ ದಪ್ಪ ಮೀಸೆಯ ಸುಬೇದಾರ್ ಸಾಹೇಬರು. ಆ ಸಾಹೇಬರು ರಿಟೈರ್ ಆಗಿ ಊರಲ್ಲಿ ಜಮೀನು ನೋಡಿಕೊಂಡಿದ್ದಾರಂತೆ. ಉಸ್ತಾದ್ ಪ್ರತಿ ಸಲ ರಜಕ್ಕೆ ಹೋದಾಗ ಮೊದಲು ಅವರ ಮನೆಗೆ ಹೋಗಿ ಆಮೇಲೆ ತಮ್ಮ ಮನೆಗೆ ಹೋಗ್ತಾರಂತೆ. ಇಷ್ಟು ಹೇಳಿ, ಟೀ ಲೋಟ ಕೆಳಗಿಟ್ಟು, ನನ್ನನ್ನು ಮತ್ತೆ ಬಲತುದಿಗೆ ಹೋಗಿ ನಿಲ್ಲು ಅಂದರು.